ನಾನು ಬರೋಕೆ ಎರಡೂವರೆ, ನೀನು ಬರೋಕೆ ಒಂಬತ್ತೂವರೆ

ಹಲೋ... ಹಲೋ, ಯಾರು ಮಾತಾಡ್ತಿರೋದು?... ಸಲೂನಿನವರಾ? ನಾನು ನಿಮ್ಮ ಯಜಮಾನರ ಅಕ್ಕ. ಆಸ್ಪತ್ರೆಯಿಂದ. ಅವನಿಗೆ ಕೊಡಿ.

...ಹೊರಗೆ ಹೋಗಿದಾನಾ? ಮತ್ತೆ ಹಿಂದೆ ಕೆಮ್ಮಿದ್ದು ಯಾರು? ಆ ಕೆಮ್ಮನ್ನ ಚಿಕ್ಕಂದಿನಿಂದ ಕೇಳಿದೀನಪ್ಪ. ಕೊಡಿ.

...ಹಾಂ, ಈಗ ಒಳಗೆ ಬಂದ್ಯಾ? ಸಂತೋಷ. ಟಿಕೆಟ್ ಆಯ್ತಾ?... ಆಯ್ತೋ ಇಲ್ವೋ, ಅಷ್ಟು ಹೇಳು.

...ದೂರನಾ? ದೂರ ಅಂತ ಇವತ್ತು ಗೊತ್ತಾಯ್ತಾ ನಿನಗೆ?

...ಒಂಬತ್ತೂವರೆ ಗಂಟೆನಾ? ಯಾರು ಹೇಳಿದ್ದು?... ರಾತ್ರಿ ಎಂಟಕ್ಕೆ ಹತ್ತಿದ್ರೆ ಬೆಳಗ್ಗೆ ಐದೂವರೆಗೆ ಇಳಿಸ್ತಾರೆ, ಹೌದು. ಅದು ಇಲ್ಲಿನ ಐದೂವರೆ ಕಣೋ. ನಿಮ್ಮೂರಿಗಿಂತ ನಮ್ಮ ಗಡಿಯಾರ ಮೂರೂವರೆ ಗಂಟೆ ಮುಂದೆ. ವಿಮಾನದಲ್ಲಿ ಕೂರೋದು ಆರೇ ಗಂಟೆ.

...ನನಗೆ ಹೇಗೆ ಗೊತ್ತಾ? ನಿನ್ನ ಹೆಂಡ್ತಿ ಹೆರಿಗೆಗೆ ಕರೆದೆಯಲ್ಲ, ಆಗ ಏನಂದೆ? ಎಂಟಕ್ಕೆ ಹತ್ತಿ ಹತ್ತೂವರೆಗೆ ಇಳೀತೀಯ, ಎರಡೂವರೆ ಗಂಟೆ ಅಕ್ಕಾ, ಪಕ್ಕದ ಬೀದಿ ಇದ್ದ ಹಾಗೆ ಅಂದೆ. ಅಲ್ವಾ? ನಂಬಿ ಕೂತೆ. ಕಾಲು ಊದಿ ಚಪ್ಪಲಿ ಹಿಡೀಲಿಲ್ಲ. ನಾನು ಬರೋಕೆ ಎರಡೂವರೆ, ನೀನು ಬರೋಕೆ ಒಂಬತ್ತೂವರೆ. ಒಂದೇ ಆಕಾಶ ತಾನೇ? ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ.

...ನಗಬೇಡ. ನನಗೆ ನಗು ಬರ್ತಿಲ್ಲ, ಹೇಸಿಗೆ ಆಗ್ತಿದೆ.

...ಇಲ್ಲೇ ಮಂಚದ ಮೇಲೆ ಕೂತಿದಾರೆ ಅಪ್ಪ, ಕುತ್ತಿಗೆಗೆ ಟವೆಲ್ ಸುತ್ಕೊಂಡು. ಗಿರಾಕಿ ಕೂತ ಹಾಗೆ. ನಾಳೆ ಬೆಳಗ್ಗೆ ಆಪರೇಷನ್, ಅದಕ್ಕೆ ಮುಂಚೆ ಗಡ್ಡ ತೆಗೀಬೇಕು. ನರ್ಸ್ ಬಂದ್ರೆ ಮುಖ ತಿರುಗಿಸ್ಕೊಂಡ್ರು. ನನ್ನ ಮಗ ಬಂದು ಮಾಡ್ತಾನೆ ಅಂದ್ರು. ನೀನು ಕತ್ತಿ ಹಿಡಿಯೋದು ಕಲಿತಿದ್ದು ಆ ಮುಖದ ಮೇಲೇ ಅಲ್ವಾ? ಎಷ್ಟು ಸಲ ಕೊಯ್ದೆ, ಒಂದು ದಿನ ತುಟಿಪಿಟಿಕ್ ಅಂದ್ರಾ?

...ಏನು, ನಾಳೆ ಮದುಮಗನ ಅಲಂಕಾರ ಒಪ್ಕೊಂಡಿದೀಯಾ?... ದೊಡ್ಡ ಮನುಷ್ಯರು. ಹಾಂ. ಹಾಂ. ಯಾರದೋ ಗಲ್ಲಕ್ಕೆ ನೊರೆ ಹಚ್ಚೋಕೆ ಮಾತ್ರ ನಿನಗೆ ಪುರುಸೊತ್ತಿದೆ. ಥೂ.

...ಎಲ್ಲ ಮುಗಿದ ಮೇಲೆ ಬಂದು ಮಾತಾಡಿಸ್ತೀಯಾ? ಯಾರನ್ನ? ಡಾಕ್ಟರು ಹೇಳಿದ್ದು ನಿನ್ನ ಕಿವಿಗೆ ಬಿತ್ತೋ ಇಲ್ವೋ? ಗಂಟಲಿನ ಗಡ್ಡೆ ತೆಗೆದ್ರೆ ದನಿಯೂ ಹೋಗುತ್ತೆ. ನಾಳೆಯಿಂದ ನಿನ್ನ ಹೆಸರು ಹಿಡಿದು ಕರೆಯೋಕೂ ಆಗಲ್ಲ ಅಪ್ಪನಿಗೆ. ನಿನಗೆ ಎರಡು ಮಾತು ಹೇಳೋದಿದೆಯಂತೆ, ಎದುರಿಗೆ ಕೂರಿಸ್ಕೊಂಡೇ ಹೇಳಬೇಕಂತೆ. ನನ್ನ ಹತ್ರ ಬಾಯಿ ಬಿಡ್ತಿಲ್ಲ.

...ಫೋನಲ್ಲೇ ಹೇಳಲಿ ಅಂತೀಯಾ? ಆಗಲಿ, ಅದನ್ನಾದ್ರೂ ಕೇಳಿಸ್ಕೋ. ಅಪ್ಪಾ, ತಗೊಳ್ಳಿ... ಬರ್ತಾನೋ ಇಲ್ವೋ ಆಮೇಲೆ ನೋಡೋಣ, ಹೇಳೋದು ಹೇಳಿಬಿಡಿ... ಇಡಬೇಡ ಕಣೋ, ಗಂಟಲು ಸರಿ ಮಾಡ್ಕೊಳ್ತಿದಾರೆ, ಸ್ವಲ್ಪ ಹೊತ್ತು ಹಿಡಿಯುತ್ತೆ... ಯಾವ ಗಿರಾಕಿ? ಕಾಯಲಿ ಅವನು. ಒಂದು ನಿಮಿಷ ಕಣೋ, ಒಂದೇ...

ಹಲೋ?... ಹಲೋ?

...ಇಲ್ಲ ಅಪ್ಪಾ, ಲೈನ್ ಹೋಗಿದ್ದಲ್ಲ. ಅವನೇ ಇಟ್ಟ.

...ಏನು?... ಕತ್ತಿ ಹಿಡಿಯೋದಾ? ನಾನಾ? ಹುಡುಗಿ ಮುಟ್ಟಬಾರದು ಅಂತ ಕ್ಷೌರದ ಪೆಟ್ಟಿಗೆಗೆ ಬೀಗ ಹಾಕ್ತಿದ್ದವರು ನೀವೇ ಅಲ್ವಾ?

...ಆಯ್ತು, ಗಲ್ಲ ಈ ಕಡೆ ಮಾಡಿ. ಆದ್ರೆ ಆ ಎರಡು ಮಾತು ಮೊದಲು ನನಗೆ ಹೇಳಿ. ಗಲ್ಲಕ್ಕೆ ಕತ್ತಿ ಇಟ್ಟ ಮೇಲೆ ಮಾತಾಡಬಾರದು ಅಂತ ನೀವೇ ಹೇಳ್ತಿದ್ರಿ.