ಮೇಲೆ ಕೆಂಪು ದಾರ, ಕೆಳಗೆ ನೀಲಿ

ನಗೋದಿದ್ದರೆ ಈಗಲೇ ನಕ್ಕುಬಿಡಿ. ಆಮೇಲೆ ನಗು ಬರೋದಿಲ್ಲ.

ನಮ್ಮ ಚಿಕ್ಕಮ್ಮನ ಮಗಳು ಅವತ್ತು ಪಾಳಿ ಮುಗಿಸಿ ಪಾಳುಬಾವಿಯ ದಾರಿಯಲ್ಲಿ ಒಬ್ಬಳೇ ಬರುತ್ತಿದ್ದಳು. ದೀಪವಿಲ್ಲದ ದಾರಿ. ಬಾವಿ ಹತ್ತಿರ ಬಂದಾಗ ಸದ್ದು ಕೇಳಿತು.

ಟಕ… ಟಕ… ಟಕಟಕಟಕ…

ಹೊಲಿಗೆ ಯಂತ್ರ. ಕಾಲಲ್ಲಿ ತುಳಿಯುವಂಥದ್ದು. ಸದ್ದು ಬರುತ್ತಿದ್ದುದು ಬಾವಿಯ ಒಳಗಿಂದ.

ಅವಳು ನಿಂತಲ್ಲೇ ನಿಂತುಬಿಟ್ಟಳು. ಯಾಕೆ ಅಂತ ಹೇಳುತ್ತೇನೆ.

ಅವಳು ಹೆರಿಗೆ ವಾರ್ಡಿನ ನರ್ಸು. ಅಲ್ಲಿ ಅವಳ ಹೆಸರೇ ಪಟಾರಕ್ಕ. ನೋವು ತಿನ್ನುವ ಹೆಂಗಸು ಕಿರುಚಿದರೆ ತೊಡೆ ಮೇಲೆ ಬೀಳುತ್ತಿತ್ತಲ್ಲ ಏಟು, ಆ ಸದ್ದಿಗೆ ಬಿದ್ದ ಹೆಸರು. ಹೊರಗೆ ಬೆಂಚಿನಲ್ಲಿ ಕೂತ ಗಂಡಂದಿರಿಗೂ ಕೇಳುತ್ತಿತ್ತು. ಒಬ್ಬ ಗಂಡಸೂ ಎದ್ದು ಬಂದು ಕೇಳಲಿಲ್ಲ.

ಹಿಂದಿನ ವಾರ ಬಟ್ಟೆ ಹೊಲಿಯುವ ಹುಡುಗಿಯೊಬ್ಬಳು ಚೊಚ್ಚಲ ಹೆರಿಗೆಗೆ ಬಂದಿದ್ದಳು.

“ಅಕ್ಕಾ, ಎದ್ದು ಕೂತ್ಕೊಳ್ಲಾ? ಸೊಂಟ ಸೀಳ್ತಿದೆ.”

“ಬಿದ್ಕೋ ಸುಮ್ನೆ. ಅವತ್ತು ಗಂಡನ ಪಕ್ಕ ಹಾಯಾಗಿತ್ತು, ಈಗ ಊರಿಗೆಲ್ಲ ಕೇಳೋ ಹಾಗೆ ಅರಚ್ತೀಯಾ?”

ಪಟಾರ್!

ಕೂತರೆ, ನಡೆದರೆ, ಯಾರಾದರೂ ಸೊಂಟ ಉಜ್ಜಿದರೆ ಆ ನೋವು ಎಷ್ಟೋ ತಡೆಯಬಹುದು. ಪಟಾರಕ್ಕ ಇದನ್ನು ಓದಿ ಪಾಸಾದವಳು. ಆದರೂ ಆ ಹುಡುಗಿಯ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದಳು.

ಮಗು ಬಂತು. ಹರಿದ ಜಾಗ ಹೊಲಿಯಬೇಕು. ಹುಡುಗಿ ಅಂಗಲಾಚಿದಳು. “ಮರಗಟ್ಟೋ ಇಂಜೆಕ್ಷನ್ ಕೊಡಿ ಅಕ್ಕಾ…”

“ಮೂರು ಹೊಲಿಗೆಗೆ ಇಂಜೆಕ್ಷನ್ ಬೇರೆ ಕೇಡು! ಸ್ಟಾಕಿಲ್ಲ.”

ಇಬ್ಬರು ಮಂಡಿ ಅದುಮಿ ಹಿಡಿದರು. ಪಟಾರಕ್ಕ ಹಸಿ ಮಾಂಸಕ್ಕೆ ಸೂಜಿ ಇಳಿಸಿದಳು.

ಆಮೇಲೆ ಹುಡುಗಿ ಇನ್ನೊಂದು ಮಾತು ಹೇಳಿದಳು. “ಹೆರಿಗೆ ನೋವು ಬಿಟ್ಟು ಬಿಟ್ಟು ಬರ್ತಿತ್ತು ಅಕ್ಕಾ. ಇದು ಬಿಡ್ತಾನೇ ಇಲ್ಲ. ಒಳಗೇನೋ ಊದ್ಕೊಳ್ತಿದೆ…”

“ನಾಟಕ ಸಾಕು.” ಪಟಾರಕ್ಕ ಅವಳ ಬಾಯಿಗೆ ಬಟ್ಟೆ ತುರುಕಿದಳು.

ಒಳಗೆ ರಕ್ತ ಕಟ್ಟುತ್ತಿತ್ತು. ಮೈ ಕೂಗಿ ಹೇಳುತ್ತಿತ್ತು. ಇವಳು ಬಾಯಿ ಕಟ್ಟಿದಳು. ಬೆಳಗಾಗುವಷ್ಟರಲ್ಲಿ ಹುಡುಗಿ ತಣ್ಣಗಾಗಿದ್ದಳು. ವಿಧಿ ಅಂದರು ಎಲ್ಲರೂ. ವಿಧಿಯಂತೆ ವಿಧಿ!

ಈಗ ಬಾವಿಗೆ ಬನ್ನಿ.

ಯಂತ್ರ ನಿಂತಿತು. ಪಟಾರಕ್ಕ ಓಡಬೇಕೆಂದುಕೊಂಡಳು… ಅವಳ ಬಲಗೈ ಮಣಿಕಟ್ಟನ್ನು ಏನೋ ಹಿಡಿಯಿತು. ಎಳೆದು ಬಾವಿಕಟ್ಟೆಯ ಕಲ್ಲಿಗೆ ಅಪ್ಪಳಿಸಿತು. ಲಟಕ್! ಹೆಬ್ಬೆರಳಿನ ಮೂಳೆ.

ಕಿವಿಯ ಹತ್ತಿರ ಪಿಸುಮಾತು. “ಬೆರಳು ಸೇರಿಸಿಡಿ ಅಕ್ಕಾ.”

“ಬೇಡಮ್ಮಾ… ತಪ್ಪಾಯ್ತು… ಕೈ ಬಿಡು…”

“ಮೂರೇ ಹೊಲಿಗೆ.”

ಟಕ. ಚರ್ಮ ಪಸಕ್ ಅಂದಿತು. ದಾರ ಸರ್ ಅಂತ ಒಳಗಿಳಿಯಿತು. ಅವಳು ಕಿರುಚಲು ಬಾಯಿ ತೆರೆದಳು… ಗಂಟಲವರೆಗೆ ಬಟ್ಟೆ ತುಂಬಿಕೊಂಡಿತು. ಟಕ. ಟಕಟಕಟಕಟಕ… ಮೂರಕ್ಕೆ ನಿಲ್ಲಲಿಲ್ಲ.

ಬೆಳಿಗ್ಗೆ ಹಾಲಿನವನು ನೋಡಿ ಅವಳದೇ ವಾರ್ಡಿಗೆ ಸೇರಿಸಿದ. ಸುದ್ದಿ ತಿಳಿದು ನಾನೂ ಓಡಿದೆ. ಏಟು ಕೊಡುತ್ತಿದ್ದ ಆ ಕೈಯ ಐದೂ ಬೆರಳನ್ನು ಒಂದಕ್ಕೊಂದು ಸೇರಿಸಿ ಹೊಲಿದಾಗಿತ್ತು. ಬಾತು ಕಪ್ಪಾಗಿತ್ತು. ಡಾಕ್ಟರು ಕತ್ತರಿ ಎತ್ತಿದ್ದೇ ತಡ, ಇಡೀ ವಾರ್ಡು ನಡುಗುವಂತೆ ಅರಚಿದಳು. “ಮೊದಲು ಇಂಜೆಕ್ಷನ್ ಕೊಡಿ! ಮರಗಟ್ಟೋದು ಕೊಡಿ!”

ಬಾಗಿಲಲ್ಲಿ ನಿಂತಿದ್ದ ಆಯಾ ಮೆಲ್ಲಗೆ ಕೇಳಿದಳು. “ಎಷ್ಟು ಹೊಲಿಗೆ ಸಿಸ್ಟರ್?”

ಸ್ಟಾಕಿಲ್ಲ ಅನ್ನುತ್ತಿದ್ದರಲ್ಲ, ಬೀರು ತೆಗೆದರೆ ಒಡೆಯದ ಡಬ್ಬಿಗಳು ಸಾಲಾಗಿ ಕೂತಿದ್ದವು. ಈಗ ಅಲ್ಲಿ ಕೇಳಿದವರಿಗೆಲ್ಲ ಇಂಜೆಕ್ಷನ್ ಕೊಡುತ್ತಾರೆ. ಅಷ್ಟಕ್ಕೆ ಒಂದು ದೆವ್ವ ಬರಬೇಕಾಯಿತು, ಥೂ!

ಯಾರೋ ಪೋಲಿಗಳ ಕೆಲಸ ಅಂತ ಡಾಕ್ಟರು ಬರೆದುಕೊಂಡರು. ಬರೆದುಕೊಳ್ಳಲಿ. ಕತ್ತರಿಸಿದ ದಾರ ನಾನು ಟ್ರೇಯಿಂದ ಎತ್ತಿಕೊಂಡೆ, ಬೆಂಕಿಪೊಟ್ಟಣದಲ್ಲಿದೆ. ಮೇಲಿನ ಎಳೆ ಕೆಂಪು, ಕೆಳಗಿನದು ನೀಲಿ. ಒಂದರೊಳಗೊಂದು ಕೊಂಡಿ ಹಾಕಿಕೊಂಡಿವೆ. ಯಾವ ಟೈಲರಿಗಾದರೂ ತೋರಿಸಿ, ಇದು ಕೈಹೊಲಿಗೆಯಲ್ಲ, ಯಂತ್ರದ ಹೊಲಿಗೆ ಅನ್ನುತ್ತಾನೆ. ಯಂತ್ರದಲ್ಲಿ ಕೆಳಗಿನ ದಾರ ಬಟ್ಟೆಯ ಅಡಿಯಿಂದಲೇ ಬರಬೇಕು.

ಅವಳ ಕೈ ಕೆಳಗೆ ಇದ್ದದ್ದು ಕಲ್ಲು. ಬರೀ ಕಲ್ಲು. ನಾನೇ ಹೋಗಿ ಮುಟ್ಟಿ ನೋಡಿ ಬಂದಿದ್ದೇನೆ.