ಹಲಗೆಯ ಮೇಲಿನ ಹೆಸರು

ಮಳೆಗಾಲ ಹಿಡಿದು ಮೂರು ವಾರ ಆಗಿತ್ತು. ಗುರುವಾರ, ಸಂಜೆ ನಾಲ್ಕರ ಹೊತ್ತು. ದಫ್ತರಖಾನೆಯಲ್ಲಿ ಕರೆಂಟು ಹೋಗಿ, ಓದುವ ಕೋಣೆಯಲ್ಲಿ ಕಣ್ಣಿಗೆ ಅಕ್ಷರ ಹತ್ತದಂತಾದಾಗ ಚರಿತ್ರೆ ಬರೆಯಲು ಬಂದಿದ್ದ ಹುಡುಗಿ ತನ್ನ ಕಾಗದಗಳನ್ನು ಎದೆಗವಚಿಕೊಂಡು ದುರಸ್ತಿ ಕೋಣೆಗೆ ಬಂದಳು. ಇಡೀ ಕಟ್ಟಡದಲ್ಲಿ ದೊಡ್ಡ ಕಿಟಕಿ ಇದ್ದದ್ದು ಅಲ್ಲೊಂದೇ. ಕಿಟಕಿಯ ಪಕ್ಕದ ಮೇಜಿನಲ್ಲಿ ಅಂಟಜ್ಜಿ ಕೂತಿದ್ದಳು. ಹರಿದ ಹಾಳೆಗೆ ತೆಳುಗಾಗದ ಅಂಟಿಸುವುದು, ಬೆನ್ನು ಬಿಟ್ಟ ಪುಸ್ತಕಕ್ಕೆ ದಾರ ಹಾಕಿ ಕೂಡಿಸುವುದು ಐವತ್ತು ವರ್ಷದಿಂದ ಅವಳ ಕೆಲಸ. ಅವಳನ್ನು ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿರಲಿಲ್ಲ. ಹಾಳೆಗಳ ಚಿತ್ರ ತೆಗೆಯುವ ಯಂತ್ರ ಬಂದಿದ್ದರಿಂದ ಶನಿವಾರಕ್ಕೆ ದುರಸ್ತಿ ಕೋಣೆ ಮುಚ್ಚುವುದಿತ್ತು. ಬಾಗಿಲ ಬಳಿ ಗೇಟಿನವನು ತೊಯ್ದ ಕೋಟು ಹಿಂಡಿಕೊಳ್ಳುತ್ತ ನಿಂತಿದ್ದ.

"ಅಜ್ಜಿ, ನಮ್ಮ ರಾಜ್ಯದ ಚರಿತ್ರೆಯಲ್ಲಿ ಆರನೇ ಸಂಪುಟ ಇದೆ, ಎಂಟನೇದು ಇದೆ. ಏಳು ಇಲ್ಲವೇ ಇಲ್ಲ" ಎಂದಳು ಹುಡುಗಿ. "ಏಳನೇದು ನದಿಯಾಚೆಯ ಸೀಮೆಯದಂತೆ. ಹೋಗಲಿ, ಅದರ ಮೂಲದ ಹಸಿರು ಪುಸ್ತಕವಾದರೂ ಕೊಡಿ ಅಂತ ನಾಲ್ಕು ಸಲ ಚೀಟಿ ಬರೆದೆ. ನಾಲ್ಕು ಸಲವೂ 'ಹೊರಗಿದೆ' ಅಂತ ವಾಪಸ್ ಬಂತು. ಯಾರಪ್ಪಾ ಅಷ್ಟು ನಿಧಾನವಾಗಿ ಓದೋರು?"

ಗೇಟಿನವನು ಕೋಟು ಹಿಂಡುವುದನ್ನು ನಿಲ್ಲಿಸಿದ. ಅಜ್ಜಿ ಅಂಟಿನ ಕುಂಚವನ್ನು ಬಟ್ಟಲಿನ ಅಂಚಿಗೆ ಒರಗಿಸಿದಳು.

"ಕೂತ್ಕೋ ಮಗಳೇ. ನೀನೂ ಕೂತ್ಕೊಳ್ಳೋ, ಈ ಮಳೇಲಿ ಗೇಟನ್ನ ಯಾರೂ ಹೊತ್ಕೊಂಡು ಹೋಗಲ್ಲ. ಐದು ಗಂಟೆ ಬೆಲ್ಲಿಗೆ ಇನ್ನೂ ಹೊತ್ತಿದೆ... ಅಷ್ಟರೊಳಗೆ ಮುಗಿಸ್ತೀನಿ. ಬೆಲ್ಲಾದ ಮೇಲೆ ಈ ಮಾತು ಆಡೋದು ಸರಿಯಲ್ಲ."

ಹೊರಗೆ ಮಳೆ ಒಂದೇ ಸಮನೆ ಸುರಿಯುತ್ತಿತ್ತು. ಅಜ್ಜಿ ಕೈ ಒರೆಸಿಕೊಂಡು ಶುರು ಮಾಡಿದಳು.

"ಈ ಮನೆಯ ಕಟ್ಟಳೆ ನಿನಗೆ ಗೊತ್ತಿದೆಯಲ್ಲ? ರ್ಯಾಕಿಂದ ಒಂದು ಪುಸ್ತಕ ತೆಗೆದರೆ ಆ ಜಾಗದಲ್ಲಿ ಒಂದು ಮರದ ಹಲಗೆ ನಿಲ್ಲಿಸಬೇಕು, ಅದರ ಮೇಲೆ ತೆಗೆದವರ ಹೆಸರು ಸೀಮೆಸುಣ್ಣದಲ್ಲಿ ಬರೀಬೇಕು. ಪುಸ್ತಕ ವಾಪಸ್ ಇಟ್ಟ ಮೇಲೆ ಹೆಸರು ಒರೆಸಿ ಹಲಗೆ ಮೊಳೆಗೆ ಹಾಕಬೇಕು. ಆವಾಗೆಲ್ಲ ಇದು ಬಿಗಿ ಇತ್ತು. ಸಂಜೆ ಗೇಟಿನವನು ಕೋಣೆ ಕೋಣೆ ಸುತ್ತಿ ಹಲಗೆ ನೋಡ್ತಿದ್ದ, ಹಲಗೆ ಮೇಲೆ ಹೆಸರಿದ್ದವನು ಪುಸ್ತಕ ಒಪ್ಪಿಸದೆ ಗೇಟು ದಾಟೋ ಹಾಗಿರಲಿಲ್ಲ. ಇನ್ನೊಂದು ಮಾತು... ಯಾರ ಹೆಸರೋ ಅವರ ಕೈಯಾರೇ ಒರೆಸಬೇಕು. ಬೇರೆಯವರ ಕೈಗೆ ಬಿಡಬಾರದು. ಅದೇನು ಮಹಾ, ಸುಣ್ಣ ತಾನೇ ಅಂತೀಯಾ? ನಾವೂ ಹಾಗೇ ಅಂದ್ಕೊಂಡಿದ್ವಿ.

"ನಮ್ಮವರು, ನನ್ನ ಯಜಮಾನರು, ಇಲ್ಲಿ ನಕಲುಗಾರರು. ಹಳೇ ದಫ್ತರ ನೋಡಿ ಹೊಸ ಹಾಳೆಗೆ ಬರೆಯೋರು. ಎಲ್ಲರೂ ಮಸಿಯಣ್ಣ ಅಂತಿದ್ರು, ಅಂಗಿಗೆ, ಕಿವಿಗೆ, ಒಂದೊಂದು ದಿನ ಹಲ್ಲಿಗೂ ಮಸಿ. ಇಪ್ಪತ್ತಾರು ವರ್ಷ ಬರೆದಿದ್ರು. ನನ್ನ ತಮ್ಮನಿಗೆ ಇಲ್ಲಿ ಕೆಲಸ ಕೊಡಿಸಿದವರೂ ಅವರೇ, ಅದನ್ನ ಇಲ್ಲ ಅನ್ನಬಾರದು. ಆದರೆ ನೋಡು, ತಮ್ಮನ ಅಕ್ಷರ ದಾರಕ್ಕೆ ಪೋಣಿಸಿದ ಹಾಗೆ. ಬಾಯಿ ಮಾತ್ರ ಬಿಚ್ಚು. 'ಭಾವ, ನಿಮ್ಮ ಅಕ್ಷರ ಇರುವೆ ಮಸೀಲಿ ಬಿದ್ದು ಎದ್ದು ಮನೆಗೆ ಓಡಿದ ಹಾಗಿದೆ' ಅಂತ ಎಲ್ಲರ ಎದುರಿಗೇ ಅಂದುಬಿಡೋನು. ಎಲ್ಲರೂ ನಗೋರು. ನಮ್ಮವರೂ ನಗೋರು... ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ. ನಾನೂ ನಕ್ಕಿದೀನಿ. ಅದು ನನಗೆ ಇವತ್ತಿಗೂ ನೆನಪಿದೆ.

"ಆ ಕಾಲಕ್ಕೇ ಹನ್ನೆರಡು ಸಂಪುಟದ ಚರಿತ್ರೆ ಶುರುವಾದದ್ದು. ಯಾವ ಕೆರೆ ಯಾರು ಕಟ್ಟಿಸಿದ್ದು, ಯಾವ ಊರು ಹೊಳೆಯಲ್ಲಿ ಮುಳುಗಿತು, ಯಾವ ದಾರೀಲಿ ಯಾವ ದಂಡು ಬಂತು, ಸೀಮೆ ಸೀಮೆಯದೂ ಬರೆಯೋದು. ಸಂಪಾದಕರು ಒಂದು ಮಾತು ಹೇಳಿದ್ರು. ಏಳನೇದು ಎಲ್ಲಕ್ಕಿಂತ ಕಷ್ಟ, ಹಸಿರು ಪುಸ್ತಕ ಬಿಟ್ಟರೆ ಆಧಾರವೇ ಇಲ್ಲ, ಅದನ್ನ ಓದಿ ನಕಲು ಮಾಡಿದವರ ಹೆಸರು ಮೊದಲ ಪುಟದಲ್ಲಿ ಅಚ್ಚು ಹಾಕಿಸ್ತೀನಿ ಅಂತ. ನಕಲುಗಾರನ ಹೆಸರು ಅಚ್ಚಿನಲ್ಲಿ! ಅಲ್ಲಿವರೆಗೆ ಕೇಳಿದವರು ಯಾರು? ಆವತ್ತು ರಾತ್ರಿ ನಮ್ಮವರು ಊಟಕ್ಕೆ ಕೂತು ಅನ್ನದ ಮೇಲೆ ಬೆರಳಲ್ಲಿ ತಮ್ಮ ಹೆಸರು ಬರೀತಾ ಇದ್ದದ್ದು ನಾನು ನೋಡಿದೆ. ಐವತ್ತು ತುಂಬಿದ ಗಂಡಸು.

"ಬೆಳಿಗ್ಗೆ ಹೋದರೆ, ಸಂಪುಟ ತಮ್ಮನಿಗೆ ಕೊಟ್ಟಿದಾರೆ.

"ಹೊಟ್ಟೆಕಿಚ್ಚಿಗೆ ಹೊಗೆ ಇರಲ್ಲ ಮಗಳೇ, ಆದರೆ ಒಂದೇ ಸೂರಿನಡಿ ಇರೋರ ಕಣ್ಣು ಉರಿಯತ್ತೆ. ಅವರು ತಮ್ಮನ ಜೊತೆ ಮಾತು ಬಿಡಲಿಲ್ಲ, ಬಿಟ್ಟಿದ್ದರೆ ಚೆನ್ನಾಗಿತ್ತು. ದಿನಾ 'ಎಲ್ಲಿವರೆಗೆ ಬಂತಪ್ಪ?' ಅಂತ ಕೇಳೋರು. ಒಂದು ಸಂಜೆ, ಹೀಗೇ ಮಳೆ, ನಾನು ಕೊಡೆ ಬಿಚ್ಚಿ ಬಾಗಿಲಲ್ಲಿ ನಿಂತಿದ್ದೆ. 'ಬೇಗ ಬಾರೋ, ನಿನ್ನ ಪುಸ್ತಕಕ್ಕೆ ಕಾಲು ಬಂದು ಓಡಿಹೋಗಲ್ಲ' ಅಂತ ಕೂಗಿದೆ. ತಮ್ಮ ನಾಲ್ಕನೇ ಕೋಣೇಲಿ ಹಸಿರು ಪುಸ್ತಕ ಜಾಗಕ್ಕೆ ಸೇರಿಸಿ ಹಲಗೆ ಕೈಗೆ ತಗೊಂಡಿದ್ದ. ಇವರು ಹೋಗಿ 'ನೀನು ಹೊರಡು, ನಿಮ್ಮಕ್ಕ ನೆನೀತಿದಾಳೆ. ಹಲಗೆ ನಾನು ಒರೆಸ್ತೀನಿ' ಅಂದ್ರಂತೆ. ಭಾವನ ಮಾತು. ಕೊಟ್ಟು ಬಂದ, ಗೇಟಿನವನು ಸುತ್ತು ಹೊರಡೋ ಮುಂಚೆಯೇ ನಾವು ಗೇಟು ದಾಟಿದ್ವಿ.

"ಒರೆಸಲಿಲ್ಲ... ಪುಸ್ತಕ ತೆಗೆದು, ತಮ್ಮನ ಹೆಸರಿದ್ದ ಹಲಗೇನ ಅಲ್ಲೇ ನಿಲ್ಲಿಸಿ, ಪುಸ್ತಕವನ್ನ ಮೂರನೇ ಕೋಣೇಲಿ ಮಳೆ ಅಳತೆಯ ದಫ್ತರಗಳ ಹಿಂದೆ ತುರುಕಿದ್ರು. ಹಳೇ ಮಳೆ ಎಷ್ಟು ಬಿತ್ತು ಅಂತ ಯಾರು ಕೇಳ್ತಾರೆ? ಎಂಟು ದಿನಕ್ಕೆ ಅಂತ ಇಟ್ಟದ್ದಂತೆ. ಸುಮ್ಮನೆ ಸ್ವಲ್ಪ ಒದ್ದಾಡಲಿ, ಸೊಕ್ಕು ಇಳೀಲಿ ಅಂತ.

"ಹಲಗೆ ಮೇಲೆ ತಮ್ಮನ ಹೆಸರು, ಅವನದೇ ಅಕ್ಷರ. ಯಾರು ನಂಬ್ತಾರೆ? 'ವಾಪಸ್ ಇಟ್ಟೆ' ಅಂದ. 'ಇಟ್ಟಿದ್ದರೆ ಹೆಸರು ಯಾಕಿದೆ?' ಅಂದ್ರು. ಅವನು ತಿರುಗಿ ಭಾವನ ಮುಖ ನೋಡಿದ. ಭಾವ ಪೆನ್ನಿನ ಮುಳ್ಳು ಒರೆಸ್ತಾ ಇದ್ರು. ಆಗ ಒಂದು ಮಾತು ಆಡಬಹುದಿತ್ತಲ್ಲ, ಅವರಾದರೂ, ಇವನಾದರೂ? ಅವರು ಆಡಲಿಲ್ಲ. ಇವನೂ ಆಡಲಿಲ್ಲ, ಅಕ್ಕನ ಗಂಡ ಅಂತ. ಸಂಪಾದಕರು ನಲವತ್ತು ದಿನ ಗಡುವು ಕೊಟ್ರು. ಅಷ್ಟರೊಳಗೆ ಸಿಗದಿದ್ರೆ ಈಗಾಗಲೇ ನಕಲಾಗಿರೋದನ್ನ ಇಟ್ಕೊಂಡು ಮಸಿಯಣ್ಣನೇ ಬರೀಲಿ, ಹೆಸರೂ ಅವನದೇ ಹಾಕೋಣ ಅಂತ. ಇನ್ನು ಎಂಟು ದಿನದ ಮಾತು ಎಲ್ಲಿ ಬಂತು? ನಮ್ಮವರು ನಲವತ್ತು ಎಣಿಸ್ತಾ ಕೂತ್ರು.

"ತಮ್ಮ ಗೇಟು ದಾಟದೆ, ಇಲ್ಲೇ ಮಲಗಿ ಹತ್ತು ಕೋಣೆ ಹುಡುಕಿದ. ಏಣಿ ಹತ್ತಿ, ಇಳಿದು, ಒಂದೊಂದೇ ಕಟ್ಟು ಬಿಚ್ಚಿ. ಧೂಳಿಗೆ ಕೆಮ್ಮು ಹಿಡೀತು, ಮಳೆಯ ಥಂಡಿಗೆ ಎದೆ ಕಟ್ಟಿತು. ನಿಲ್ಲಿಸೋ ಅಂದೆ. 'ನನ್ನ ಹೆಸರು ಒಳಗಿದೆ ಅಕ್ಕ, ನಾನು ಹ್ಯಾಗೆ ಹೊರಗಿರಲಿ?' ಅಂದ. ಮೂವತ್ತೇಳನೇ ದಿನ, ಬುಧವಾರ ಮಧ್ಯಾಹ್ನ, ನಾಲ್ಕನೇ ಕೋಣೇಲಿ ಏಣಿಯ ಬುಡದಲ್ಲಿ ಸಿಕ್ಕ, ಉಸಿರಿರಲಿಲ್ಲ. ಕೈಯಲ್ಲಿ ಸೀಮೆಸುಣ್ಣ ಇತ್ತು. ಯಾಕೆ ಅಂತ ಆವಾಗ ಯಾರಿಗೂ ಹೊಳೀಲಿಲ್ಲ.

"ನಮ್ಮವರು ಅದನ್ನ ಕೇಳಿದವರೇ ಮೂರನೇ ಕೋಣೆಗೆ ಓಡಿದ್ರು. ಮಳೆ ದಫ್ತರದ ಹಿಂದೆ ಕೈ ಹಾಕಿದ್ರು. ಪುಸ್ತಕ ಇಲ್ಲ. ಆ ಸಂದೀಲಿ ಒಂದು ಹಲಗೆ ನಿಂತಿದೆ. ಹಲಗೆ ಮೇಲೆ ಇವರ ಹೆಸರು. ದಾರಕ್ಕೆ ಪೋಣಿಸಿದ ಹಾಗೆ."

ಹುಡುಗಿ ಕುರ್ಚಿಯನ್ನು ಕಿಟಕಿಯ ಕಡೆಗೆ ಸರಿಸಿಕೊಂಡಳು. "ಹಾಗಾದರೆ ಸಾಯೋಕೆ ಮುಂಚೆ ಅವರೇ ಪತ್ತೆ ಮಾಡಿ ಬರೆದಿಟ್ಟಿದ್ರು" ಎಂದಳು.

"ನಮ್ಮವರೂ ಹಾಗೇ ಅಂದ್ಕೊಂಡ್ರು. ಅಂಗಿಯ ತೋಳಲ್ಲಿ ಒರೆಸಿ ಬಂದ್ರು. ಮಾರನೇ ದಿನ ನಾಲ್ಕನೇ ಕೋಣೆಗೆ ಹೋದರೆ, ಹಸಿರು ಪುಸ್ತಕದ ಜಾಗದಲ್ಲಿ ತಮ್ಮನ ಹೆಸರಿನ ಹಲಗೆ ಇತ್ತಲ್ಲ, ಅದರ ಮೇಲೂ ಇವರ ಹೆಸರು. ಒರೆಸಿದ್ರು. ಮೇಜಿಗೆ ಬಂದು ಬೇರೆ ಪುಸ್ತಕ ತರೋಕೆ ಹೋದ್ರೆ ಅದರ ಜಾಗದಲ್ಲೂ ಹಲಗೆ, ಇವರ ಹೆಸರು. ಅವರು ಬೇಕು ಅಂದ ಪುಸ್ತಕ ಒಂದೂ ಸಿಗದು. ಬೇರೆಯವರು ಹೋದರೆ ಅದೇ ಪುಸ್ತಕ ಜಾಗದಲ್ಲೇ ಇರೋದು! ಒಂದು ಮಗುವಿಗೆ ಮಾತ್ರ ಆಟಿಕೆ ಕೊಡಲ್ಲ ಅಂತ ಬಚ್ಚಿಟ್ಟ ಹಾಗೆ. ನನ್ನ ತಮ್ಮ ಬದುಕಿದ್ದಾಗ ಒಂದು ಅಕ್ಷರಕ್ಕೆ ಹೊಟ್ಟೆಕಿಚ್ಚು ಪಟ್ಟವನಲ್ಲ... ಸತ್ತ ಮೇಲೆ ಕಲಿತ.

"ನನಗೆ ಗೊತ್ತಾದದ್ದು ಹ್ಯಾಗೆ ಅಂದರೆ, ಬಟ್ಟೆ ಒಗೆಯೋವಾಗ. ಇಪ್ಪತ್ತಾರು ವರ್ಷ ಮಸಿ ಬಿಡಿಸಿ ಬಿಡಿಸಿ ನನ್ನ ಉಗುರು ಕಪ್ಪಾಗಿತ್ತು. ಈಗ ತೋಳು ತುಂಬ ಸುಣ್ಣ. ದಿನಾ. 'ಏನಿದು?' ಅಂದೆ. ಒಗೆಯೋ ಕಲ್ಲಿನ ಮೇಲೆ ಕೂತು ಎಲ್ಲ ಹೇಳಿದ್ರು. ನಾನು ಕೇಳ್ತಾ ಅಂಗಿ ಹಿಂಡಿ ಹರವಿದೆ.

"ಅದರ ಮಾರನೇ ದಿನ ಗುರುವಾರ, ತಮ್ಮ ಹೋಗಿ ಎರಡು ವಾರ ಕಳೆದಿತ್ತು. ಐದರ ಬೆಲ್ಲಾಯ್ತು. ನಾವಿಬ್ಬರೂ ಗೇಟಿಗೆ ಬಂದ್ವಿ. ಆಗಿನ ಗೇಟಿನವನು, ಈ ನಮ್ಮ ಗೇಟಿನವನ ಅಪ್ಪ, ಕೈ ಅಡ್ಡ ಹಿಡಿದ. 'ಮಸಿಯಣ್ಣ, ನಾಲ್ಕನೇ ಕೋಣೇಲಿ ನಿಮ್ಮ ಹೆಸರು ಇನ್ನೂ ಇದೆಯಲ್ಲ' ಅಂದ. ಹೌದೇನೋ?"

"ಅಪ್ಪ ಹೇಳ್ತಿದ್ದ" ಎಂದ ಗೇಟಿನವನು, ನೆಲ ನೋಡುತ್ತ.

"ಇವರು ನನ್ನ ಕಡೆ ತಿರುಗಿದ್ರು. ನಾನೂ ಬರಲಾ ಅಂತ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. 'ಹೋಗಿ ಒರೆಸಿ ಬನ್ನಿ' ಅಂದೆ. ಒಳಗೆ ಹೋದ್ರು. ನಾನು ಕೊಡೆ ಹಿಡಿದು ನಿಂತೆ. ಕಾಲು ಗಂಟೆ... ಅರ್ಧ ಗಂಟೆ... ಗೇಟಿನವನು ಹೋಗಿ ನೋಡಿದಾಗ ಅದೇ ಏಣಿಯ ಬುಡದಲ್ಲಿ ಹಲಗೆಗೆ ಮುಖ ಮಾಡಿ ಕೂತಿದ್ರು. ಎರಡೂ ತೋಳು ಮೊಣಕೈವರೆಗೆ ಬೆಳ್ಳಗೆ. ಮೈ ತಣ್ಣಗೆ. ಹಲಗೆ ಮೇಲಿನ ಹೆಸರು ಮಾತ್ರ ಇವತ್ತು ಬರೆದ ಹಾಗೆ. ಹೆಸರು ಬೇಕು ಹೆಸರು ಬೇಕು ಅಂತಿದ್ರಲ್ಲ... ಸಿಕ್ಕಿತು."

ಅಜ್ಜಿ ಬೆರಳಿಗಂಟಿದ್ದ ಒಣ ಅಂಟು ಕೆರೆದಳು. ಮಳೆಯ ಸದ್ದಿನ ನಡುವೆ, ಒಳಗೆಲ್ಲೋ, ಮರದ ಮೇಲೆ ಬಟ್ಟೆ ಉಜ್ಜಿದಂಥ ಸದ್ದು. ಸರ್... ಸರ್... ಸರ್... ಹುಡುಗಿ ತಲೆಯೆತ್ತಿದಳು. ಸೋರುವ ನೀರಿರಬೇಕು ಅಂದುಕೊಂಡಳು.

"ಹಸಿರು ಪುಸ್ತಕ?"

"ಅದಾಗಿ ಎರಡು ವಾರಕ್ಕೆ ನನ್ನ ದುರಸ್ತಿ ಗುಡ್ಡೆಯ ತಳದಲ್ಲಿ ಸಿಕ್ಕಿತು. ತಂದಿಟ್ಟವರು ಯಾರು ಅಂತ ಕೇಳಬೇಡ. ತಮ್ಮನ ಹೆಸರು ಈಗ ಯಾವ ಹಲಗೆ ಮೇಲೂ ಇರಲಿಲ್ಲ, ಅಕ್ಕನ ಕೈಗೆ ಒಪ್ಪಿಸಿ ಅವನು ಹೊರಟುಹೋದ. ನಾನು ಬೆನ್ನು ಹೊಲಿದೆ, ಹಾಳೆ ಅಂಟಿಸಿದೆ, ಇಲ್ಲೇ ಒತ್ತುಮಣೆಯಡಿ ಇಟ್ಟೆ. ಜಾಗಕ್ಕೆ ಇಡಲಿಲ್ಲ. ಇಟ್ಟರೆ ಹೆಸರು ಅಳಿಯುತ್ತೆ, ಇವರೂ ಹೊರಟುಹೋಗ್ತಾರೆ. ಮೂವತ್ತೊಂದು ವರ್ಷ ಆಯ್ತು."

"ಅಷ್ಟು ಸಿಟ್ಟಾ ಅಜ್ಜಿ?"

"ಸಿಟ್ಟು ಒಂದು ವರ್ಷಕ್ಕೆ ಮುಗೀತು" ಎಂದಳು ಅಜ್ಜಿ. "ಇಬ್ಬರೂ ಆ ಪುಸ್ತಕ ಪುಸ್ತಕ ಅಂತ ಬಡಿದಾಡಿದ್ರು. ನಡುವೆ ನಾನೊಬ್ಬಳಿದ್ದೆ ಅಂತ ಯಾರಿಗೂ ನೆನಪಾಗಲಿಲ್ಲ. ಜೊತೆಗೆ ಬದುಕಿದ ಅಷ್ಟೂ ವರ್ಷದಲ್ಲಿ ನಮ್ಮವರು ಒಂದು ದಿನ ಈ ಕೋಣೆಗೆ ಬಂದು ನನ್ನ ಮೇಜಿನ ಹತ್ತಿರ ನಿಂತವರಲ್ಲ. ಆ ಪುಸ್ತಕ, ಆ ಹಸಿರು ಬಟ್ಟೆಯ ಸವತಿ, ಅವಳ ಮೇಲೆ ನನಗಿದ್ದ ಹೊಟ್ಟೆಕಿಚ್ಚು ನಮ್ಮವರಿಗೆ ತಮ್ಮನ ಅಕ್ಷರದ ಮೇಲೂ ಇರಲಿಲ್ಲ ಮಗಳೇ. ಈಗ ನೋಡು, ದಿನಾ ಬರ್ತಾರೆ. ಐದರ ಬೆಲ್ಲಿಗೆ. ಪುಸ್ತಕ ಕೊಡು ಅಂತ ಇಲ್ಲೇ ನಿಲ್ತಾರೆ."

ಅವಳು ಮೇಜಿನ ಎಡ ಮೂಲೆ ತೋರಿಸಿದಳು. ಅಲ್ಲಿ ಬೆಳಿಗ್ಗೆ ಒರೆಸಿದ್ದ ಮರದ ಮೇಲೆ ಸೀಮೆಸುಣ್ಣದ ಪುಡಿಯ ಒಂದು ಮಾಸಿದ ಗೆರೆ ಇತ್ತು.

"ಶನಿವಾರ ನಾನು ಹೋಗ್ತೀನಿ. ಈ ಕಿಟಕಿ, ಈ ಮೇಜು ನಿನಗೆ ಕೊಡ್ತಾರಂತೆ. ಹಸಿರು ಪುಸ್ತಕ ಬೇಕು ಅಂತ ಹಂಬಲಿಸೋಳು ನೀನು. ಇಲ್ಲೇ ಬಿಟ್ಟು ಹೋದರೆ ನಮ್ಮವರು ಸೋಮವಾರದಿಂದ ನಿನ್ನ ಮೇಜಿನ ಹತ್ತಿರ ಬಂದು ನಿಲ್ತಾರಲ್ಲ?" ಅಜ್ಜಿ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದಳು. "ಅದು ನನಗೆ ಆಗಲ್ಲ."

ಬೆಲ್ಲಾಯಿತು. ಒಳಗಿನ ಸದ್ದು ನಿಂತಿತು. ಅಜ್ಜಿ ಕುಂಚ ಎತ್ತಿಕೊಂಡಳು.

"ಎದ್ದು ಹೋಗಮ್ಮ. ಬಲಗಡೆಯಿಂದ ಹೋಗು... ಎಡಗಡೆ ಜಾಗ ಇಲ್ಲ."

ಸೋಮವಾರ ಹುಡುಗಿ ನಾಲ್ಕನೇ ಕೋಣೆಗೆ ಹೋದಾಗ ಹಸಿರು ಪುಸ್ತಕ ಜಾಗದಲ್ಲಿತ್ತು, ಹೊಸ ದಾರ, ಗಟ್ಟಿ ಬೆನ್ನು. ಹಲಗೆ ಮೊಳೆಗೆ ತೂಗಿತ್ತು, ಸ್ವಚ್ಛವಾಗಿ. ಅವಳು ಗೇಟಿಗೆ ಬಂದು, ಹೋಗಿಬರುವವರ ಹೆಸರು ಬರೆಯುವ ಪುಸ್ತಕ ತೆರೆದಳು. ಶನಿವಾರದ ಸಾಲಿನಲ್ಲಿ, ಅಂಟಜ್ಜಿಯ ಎದುರಿಗೆ, 'ಹೊರಗೆ: ಇಬ್ಬರು' ಎಂದು ಬರೆದಿತ್ತು.

"ಇಬ್ಬರು ಯಾಕೆ ಬರೆದೆ?"

"ನಾನು ನೋಡಿದ್ದು ಕೊಡೆ ಮೇಡಂ" ಎಂದ ಗೇಟಿನವನು. "ಅಷ್ಟು ಮಳೆ, ಅಜ್ಜಿಯ ಬಲಭುಜ ಪೂರ್ತಿ ತೊಯ್ತಿತ್ತು. ಕೊಡೆಯನ್ನೆಲ್ಲ ಎಡಗಡೆಗೇ ಹಿಡಿದಿದ್ರು. ಎಡಗಡೆಯ ನೆಲ ನಡೆದಷ್ಟು ದೂರವೂ ಒಣಗಿತ್ತು, ಅದರ ಮೇಲೆ ಸುಣ್ಣ ಉದುರಿತ್ತು."

ಅವರು ಹೋದದ್ದು ಶನಿವಾರ, ಐದರ ಬೆಲ್ಲಿಗೆ.