ರಾಟೆ ಏರಿದ ಉಚ್ಚೀರಪ್ಪ

ಈ ಹತ್ತಿ ಗಿರಣಿಯ ಅಂಗಳದಲ್ಲಿ ಕೂಡಿರುವ ಅಣ್ಣಂದಿರೇ, ಅಕ್ಕಂದಿರೇ, ಮುಂದಿನ ಸಾಲಿನಲ್ಲಿರುವ ಮ್ಯಾನೇಜರ್ ಸಾಹೇಬರೇ, ಜಯತೀರ್ಥರಾಯರೇ, ನಮ್ಮನ್ನು ಬಿಟ್ಟುಹೋದ ಉಚ್ಚೀರಪ್ಪನ ಹೆಂಡತಿ ಬಸಲಿಂಗಮ್ಮನವರೇ — ಎಲ್ಲರಿಗೂ ಶರಣು.

ನಾನು ಹತ್ತಿ ಒತ್ತುವ ಪ್ರೆಸ್ಸಿನ ವೆಂಕಟಪ್ಪ. ಭಾಷಣ ನನಗೆ ಬರುವುದಿಲ್ಲ. ಅಳಿಸುವ ಭಾಷಣವಂತೂ ಬರುವುದೇ ಇಲ್ಲ. ಈಗ ತಾನೇ ಬಸಲಿಂಗಮ್ಮನವರು ಕರೆದು ಹೇಳಿದರು, "ಯಂಕಟಪ್ಪ, ಮನ್ಯಾಗ ಅತ್ತು ಅತ್ತು ಸಾಕಾಗೈತಿ. ಆ ರಾಟಿ ಕತಿ ಹೇಳಿಬಿಡಪ." ಅಪ್ಪಣೆಯಾಯಿತು. ಹೇಳುತ್ತೇನೆ.

ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಯಂತ್ರದ ಪಟ್ಟಾ ಉಚ್ಚೀರಪ್ಪನ ಬಲಗಾಲನ್ನು ತಿಂದಿತು. ಗಿರಣಿಯವರು ಕೂತು ಗೋಣಿತಾಟು ಹೊಲಿಯುವ ಕೆಲಸ ಕೊಟ್ಟರು, ಜೊತೆಗೆ ತಿಂಗಳ ಭತ್ಯೆ ಕೊಟ್ಟರು. ಒಳ್ಳೆಯದನ್ನೂ ಹೇಳಬೇಕು. ಆದರೆ ನಮ್ಮ ಆದೋನಿ ಬಳ್ಳಾರಿ ಜಿಲ್ಲೆ ಬಿಟ್ಟು ಕರ್ನೂಲಿಗೆ ಸೇರಿದ ವರ್ಷ ಗಿರಣಿಯಲ್ಲಿ ಹೊಸ ಕಾನೂನು ಬಂತು. ಭತ್ಯೆ ಬೇಕಾದವನು ತಾನೇ ಮಾಳಿಗೆಯ ಕಚೇರಿಗೆ ಬರಬೇಕು. ಆ ಮೆಟ್ಟಿಲು ನೋಡಿದ್ದೀರಲ್ಲ — ಅಗೋ, ಅಲ್ಲಿ — ಎರಡು ಕಾಲಿದ್ದವನೇ ಗೋಡೆ ಹಿಡಿದು ಏರುತ್ತಾನೆ. ಉಚ್ಚೀರಪ್ಪ ಬೆನ್ನು ತಿರುಗಿಸಿ, ಕುಂಡಿಯ ಮೇಲೆ — ಸಾಹೇಬರು ಕ್ಷಮಿಸಬೇಕು — ಒಂದೊಂದೇ ಮೆಟ್ಟಿಲು ಸರಿದು ಮೇಲೆ ಹೋದ. ಹೋದರೆ ಏನಂದರು? ಇಷ್ಟು ಮೆಟ್ಟಿಲು ಏರಿ ಬಂದವನು ಕುಂಟ ಹೇಗಾದಾನು ಅಂದರು. ಭತ್ಯೆ ಅರ್ಧಕ್ಕೆ ಇಳಿಯಿತು.

ಏರಿದರೆ ಅರ್ಧ. ಏರದಿದ್ದರೆ ಏನೂ ಇಲ್ಲ. ಅತ್ತ ದರಿ, ಇತ್ತ ಪುಲಿ. ಮನೆಯಲ್ಲಿ ಬಸಲಿಂಗಮ್ಮನವರು ಜೋಳದ ಗಡಿಗೆಯ ತಳ ಕೆರೆಯುತ್ತಿದ್ದರು.

ಮುಂದಿನ ತಿಂಗಳು ಅವನು ನನ್ನ ಹತ್ತಿರ ಬಂದು ಕೇಳಿದ, "ಯಂಕಟಪ್ಪ, ಹತ್ತಿಗೆ ಕಾಲು ಅದಾವೇನು?"

"ಇಲ್ಲಪ."

"ಮತ್ತ ಅದು ಮಾಳಿಗಿ ಹೆಂಗ ಏರತೈತಿ?"

ಪ್ರೆಸ್ಸಿಗೆ ಹತ್ತಿಯನ್ನು ಮೇಲಿನಿಂದ ಸುರಿಯಬೇಕು. ಅದಕ್ಕೇ ಅಂಡಿಗೆಗಳನ್ನು, ಅಂದರೆ ಹತ್ತಿ ತುಂಬಿದ ಆ ದೊಡ್ಡ ಚೀಲಗಳನ್ನು, ನಾವು ರಾಟೆಗೆ ಹಗ್ಗ ಹಾಕಿ ಮಾಳಿಗೆಯ ಬಾಗಿಲಿಗೆ ಎಳೆಯುತ್ತೇವೆ. ಅಲ್ಲಿ, ಕಚೇರಿಯ ಪಕ್ಕದಲ್ಲೇ, ನಮ್ಮ ಜಯತೀರ್ಥರಾಯರು ಕೂತಿರುತ್ತಾರೆ. ಬಂದ ಅಂಡಿಗೆಯಿಂದ ಒಂದು ಚಿವುಟು ಹತ್ತಿ ಕಿತ್ತು, ಎಳೆ ಎಷ್ಟು ಉದ್ದ ಎಂದು ನೋಡುವುದು ಅವರ ಕೆಲಸ. ಎಂಥಾ ಅಭ್ಯಾಸ ಅಂದರೆ — ಕಣ್ಣು ಕಾಗದದ ಮೇಲೆ, ಕೈ ಬಾಗಿಲಾಚೆ. ಹೀಗೆ.

ಉಚ್ಚೀರಪ್ಪನನ್ನು ಅಂಡಿಗೆಯೊಳಗೆ ಕೂರಿಸಿದೆವು. ಸುತ್ತ ಹತ್ತಿ ತುರುಕಿದೆವು. ಮುಖ ಮಾತ್ರ ಹೊರಗೆ. ಆಸ್ಪರಿ ಊರಿನ ಕೆಂಚಣ್ಣನೂ ನಾನೂ ಹಗ್ಗ ಎಳೆದೆವು. "ಮಾಲು ಬಂತು" ಎಂದು ಕೂಗಿದೆವು. ರಾಯರು ತಲೆ ಎತ್ತಲಿಲ್ಲ. ಕೈ ಚಾಚಿದರು, ಚಿವುಟಿದರು, ಎಳೆದರು — ಮೀಸೆ.

ಉಚ್ಚೀರಪ್ಪ ಅಯ್ಯೋ ಅನ್ನಲಿಲ್ಲ. ಮೆಲ್ಲಗೆ ಕೇಳಿದ, "ಎಳಿ ಉದ್ದ ಐತೇನ್ರಿ, ರಾಯರ?"

ರಾಯರು "ರಾಘವೇಂದ್ರಾ" ಎಂದು ಅಲ್ಲೇ ನೆಲಕ್ಕೆ ಕೂತರು. ನಗಿರಿ ರಾಯರೇ, ಇವತ್ತು ನೀವೂ ನಗಬಹುದು. ಸಾಹೇಬರು ಓಡಿ ಬಂದು ತಮ್ಮ ತೆಲುಗಿನಲ್ಲಿ "ಇದೇಮಿಟ್ರಾ?", ಇದೇನಿದು, ಎಂದರು. ಇವನು ಗಾಳಿಯಲ್ಲಿ ತೂಗುತ್ತಾ ಕೈ ಮುಗಿದ. "ಭತ್ಯೆಕ್ಕ ಬಂದೀನ್ರಿ. ಮೆಟ್ಲ ಏರಿಲ್ಲ, ಅರ್ಧ ಮಾಡಬ್ಯಾಡ್ರಿ. ನಾನೇ ಬಂದೀನಿ, ಇಲ್ಲ ಅನಬ್ಯಾಡ್ರಿ."

ಗಿರಣಿಯೇ ನಿಂತಿತು. ಹತ್ತಿ ಆರಿಸುವ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಕೆಂಚಣ್ಣ ನಕ್ಕ, ನಗುವಾಗ ಹಗ್ಗ ಸಡಿಲಾಯಿತು, ಉಚ್ಚೀರಪ್ಪ ಸರ್ರನೆ ಇಳಿದು ನಡುವೆ ನಿಂತ. ಅಲ್ಲಿಂದಲೇ ಕೂಗಿದ, "ಭತ್ಯೆನೂ ಅರ್ಧ ಆತು, ನಾನೂ ಅರ್ಧಕ್ಕ ನಿಂತೀನ್ರಿ."

ಸಾಹೇಬರೇ, ನೀವೂ ನಕ್ಕಿರಿ. ನಾನು ಕೆಳಗಿನಿಂದ ನೋಡಿದೆ. ಆ ನಗುವಿನಲ್ಲೇ ಪೂರ್ತಿ ಭತ್ಯೆ ಬಂತು, ಕಚೇರಿಯ ಮೇಜು ಈ ಬೇವಿನ ಮರದ ಕೆಳಗೆ ಇಳಿಯಿತು. ಹೊತ್ತು ತಂದವರು ರಾಯರೇ. ಅವತ್ತಿನಿಂದ ಸೊಂಟ ಬಿದ್ದ ದಸ್ತಗಿರಮ್ಮ, ಪಾದ ಜಜ್ಜಿಕೊಂಡ ಹೊನ್ನೂರಪ್ಪ — ಯಾರೂ ಆ ಮೆಟ್ಟಿಲು ತುಳಿದಿಲ್ಲ.

ಮೊನ್ನೆ ಅವನ ಮಣ್ಣಿಗೆ ಹೋಗಿ ಬರುವಾಗ ಒಂದು ಮಾತು ಕಿವಿಗೆ ಬಿತ್ತು. ಉಚ್ಚೀರಪ್ಪ ಹೋದನಲ್ಲ, ಇನ್ನು ಮೇಜು ಮಾಳಿಗೆಗೇ ಹೋಗಲಿ ಅಂತ. ಸುಳ್ಳಿರಬಹುದು. ಸುಳ್ಳೇ ಆಗಲಿ. ಮೇಜು ಅವನೊಬ್ಬನಿಗಾಗಿ ಇಳಿದದ್ದಲ್ಲ ಸಾಹೇಬರೇ. ದಸ್ತಗಿರಮ್ಮ ಇಲ್ಲೇ ಕೂತಿದ್ದಾಳೆ, ನೋಡಿ. ಹೋಗುವುದೇ ನಿಜವಾದರೆ — ನಿನ್ನೆ ರಾಟೆಗೆ ಎಣ್ಣೆ ಹಾಕಿದ್ದೇನೆ. ರಾಯರೇ, ಈ ಸಲ ಅಂಡಿಗೆಯಲ್ಲಿ ದಸ್ತಗಿರಮ್ಮ ಇರುತ್ತಾಳೆ, ನೋಡಿ ಕೈ ಚಾಚಿರಿ. ಆಕೆ ಬೈದರೆ ನಾನು ನಡುವೆ ಬರುವುದಿಲ್ಲ.

ಸಾಹೇಬರು ತಲೆಯಾಡಿಸಿದರು. ಮೇಜು ಇಲ್ಲೇ ಇರುತ್ತದಂತೆ. ಎಲ್ಲರೂ ನೋಡಿದಿರಲ್ಲ? ಬಸಲಿಂಗಮ್ಮನವರೇ, ನೀವೂ ನೋಡಿದಿರಲ್ಲ?

ಅವನಿಲ್ಲದ ಈ ಅಂಗಳ ನನಗೆ ಸೇರುವುದಿಲ್ಲ. ಅಷ್ಟೇ.

ಹಿಂದೆ ನಮ್ಮ ಗಿರಣಿಯ ಕೆಲಸಗಾರನೊಬ್ಬ ತೀರಿಕೊಂಡಾಗ ಹೀಗೇ ಕೂಡಿದ್ದೆವು. ಎಲ್ಲರೂ ಎದ್ದು ಮೌನ ಆಚರಿಸಬೇಕು ಎಂದರು. ಉಚ್ಚೀರಪ್ಪ ಊರುಗೋಲಿಗೆ ತಡಕಾಡುತ್ತಾ ನನ್ನ ಕಿವಿಯಲ್ಲಿ ಅಂದ, "ಸುಮ್ಮನಿರಾಕ ಕಾಲು ಯಾಕ ಬೇಕಲೇ?"

ಅದಕ್ಕೇ, ಬಂಧುಗಳೇ — ನಿಲ್ಲಬಲ್ಲವರು ದಯಮಾಡಿ ಎದ್ದು ನಿಲ್ಲಿ. ಆಗದವರು ಕೂತೇ ಇರಿ. ದಸ್ತಗಿರಮ್ಮ, ನೀನು ಏಳಬೇಡ. ಅವನಿಗೆ ಎರಡೂ ಒಂದೇ. ನಡುವೆ ನಗು ಬಂದರೆ ತಡೆಯಬೇಡಿ.

ಕೆಂಚಣ್ಣ, ಇನ್ನು ಹಗ್ಗ ಬಿಡಪ್ಪ. ಅವನು ಮೇಲೆ ಮುಟ್ಟಿದ್ದಾನೆ.